ವಾಡೆಯೊಳಗೆ ಯಾರಿಗೆ ಯಾರು ಏನಾಗಬೇಕು

ಬಚ್ಚಲಿಗೆ ಹೋಗುವ ಹಾದಿಯಲ್ಲಿ ವಯಸ್ಸಾದವರು ಹಿಡಿದು ನಡೆಯಲು ಒಂದು ಸರಳು ಬೇಕು ಎಂದು ನಾನು ಹೇಳಿದ್ದೆ. ನಿವೃತ್ತ ಕಂಡಕ್ಟರು ಗುಜರಿ ಅಂಗಡಿಯಿಂದ ಹಳೆಯ ಬಸ್ಸಿನ ಸರಳನ್ನೇ ತಂದು ಗೋಡೆಗೆ ಕೂಡಿಸಿದರು. ಅದಕ್ಕೆ ಅಲ್ಲಲ್ಲಿ ಹಳದಿ ಬಣ್ಣ ಇನ್ನೂ ಅಂಟಿಕೊಂಡಿತ್ತು.

"ಇನ್ನ ಯಾರೂ ಬೀಳಂಗಿಲ್ಲ ವೈನಿ. ಆದ್ರ ಸೀಟ್ ಸಿಗಂಗಿಲ್ಲ, ನಿಂತ ಹೋಗಬೇಕು" ಎಂದರು.

ಇಂಡಿ ಊರಿನ ಆ ವಾಡೆ, ಅಂಗಳದ ಸುತ್ತ ಕೋಣೆಗಳಿದ್ದ ಹಳೆಯ ದೊಡ್ಡ ಮನೆ, ನಮ್ಮವರ ಸೋದರತ್ತೆಯದು. ಆ ಅತ್ತೆ ತೀರಿಕೊಂಡ ಮೇಲೆ ಬೀಗ ಹಾಕಿಕೊಂಡು ಕೂತಿತ್ತು. ಊರಿನ ಕೆಲವು ಹಿರಿಯರು ಸೇರಿ ಅದನ್ನು ಹೊಸ ರೀತಿಯಲ್ಲಿ ಬಳಸಬೇಕೆಂದರು: ಒಂಟಿಯಾದ ಹಿರಿಯರು, ಮಗುವನ್ನು ದತ್ತು ಪಡೆದ ಮನೆಯವರು, ಹೆತ್ತವರಿಲ್ಲದ ಹರೆಯದ ಮಕ್ಕಳು, ಎಲ್ಲರೂ ಒಂದೇ ಅಂಗಳದ ಸುತ್ತ ಬದುಕಬೇಕು. ನಮ್ಮ ಮನೆ ವಾಡೆಯ ಹಿಂದಿನ ಗೋಡೆಗೇ ಹತ್ತಿಕೊಂಡಿದ್ದರಿಂದ "ನೀವು ಸ್ವಲ್ಪ ನೋಡಿಕೊಳ್ಳಿ" ಎಂದು ನನಗೆ ಹೇಳಿದರು. ಆ "ಸ್ವಲ್ಪ" ಎಷ್ಟು ದೊಡ್ಡದೆಂದು ಆಗ ನನಗೆ ಗೊತ್ತಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತಷ್ಟೆ. ಇಂಥದ್ದು ಬೇರೆಲ್ಲಾದರೂ ನಡೆದಿದೆಯೇ ಎಂದು ಕೇಳಲು ಕೂಡ ಯಾರೂ ಇರಲಿಲ್ಲ.

ಬಂದವರು ಕಡಿಮೆ ಜನ. ಸಿಂದಗಿ-ಮುದ್ದೇಬಿಹಾಳ ಹಾದಿಯಲ್ಲಿ ಬಸ್ಸಿನಲ್ಲೇ ಆಯುಷ್ಯ ಸವೆಸಿದ, ಮದುವೆಯಾಗದ ಈ ಕಂಡಕ್ಟರು. ಮುದ್ದೇಬಿಹಾಳದ ಕಡೆಯಿಂದ ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದರು, ಅವರಿಗೂ ಮದುವೆಯಾಗಿರಲಿಲ್ಲ. ಚಡಚಣದಿಂದ ಬಂದ ಗಂಡಹೆಂಡತಿ. ಗಂಡ ಲಿಂಬೆ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದ, ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು, ದತ್ತು ಪಡೆದ ಪುಟ್ಟ ಮಗಳಿಗೆ ಆಗತಾನೆ ಹಲ್ಲು ಬಂದಿದ್ದವು. ಜೊತೆಗೆ ಇಬ್ಬರು ಹರೆಯದ ಮಕ್ಕಳು. ಹೂವಿನ ಹಿಪ್ಪರಗಿಯ ಹದಿನೇಳರ ಹುಡುಗ ಐಟಿಐಗೆ ಹೋಗುತ್ತಿದ್ದ, ಅವನನ್ನು ಕಂಡಕ್ಟರ ಸುಪರ್ದಿಗೆ ಕೊಟ್ಟಿದ್ದರು. ಸಿಂದಗಿ ಕಡೆಯ ಹದಿನಾರರ ಹುಡುಗಿ ಹತ್ತನೆಯ ಇಯತ್ತೆಯಲ್ಲಿದ್ದಳು, ಅವಳು ಚಡಚಣದ ದಂಪತಿಗಳ ಆಸರೆಯಲ್ಲಿದ್ದಳು.

ಬಿಜಾಪುರದ ಮಕ್ಕಳ ಸಮಿತಿ ಈ ಇಬ್ಬರನ್ನು ಪರೀಕ್ಷಾರ್ಥ ಕಳಿಸಿತ್ತು. ದೀಪಾವಳಿಯ ನಂತರ ಒಬ್ಬ ಮೇಡಂ ಬಂದು ನೋಡುತ್ತಾರೆ, ಸರಿ ಕಂಡರೆ ಮಕ್ಕಳು ಹದಿನೆಂಟಾಗುವವರೆಗೆ ಇಲ್ಲೇ, ಇಲ್ಲದಿದ್ದರೆ ವಾಪಸು. ಹುಡುಗಿ ಮೊದಲು ಚಿಕ್ಕಪ್ಪನ ಮನೆ, ಆಮೇಲೆ ದೂರದ ಅತ್ತೆಯ ಮನೆ, ಆಮೇಲೆ ಬಾಲಮಂದಿರ ಕಂಡು ಬಂದವಳು. ಇಲ್ಲಿಂದಲೂ ಎಬ್ಬಿಸಿದರೆ ಹತ್ತನೆಯ ಪರೀಕ್ಷೆ ಕೈತಪ್ಪುತ್ತಿತ್ತು. ಪರೀಕ್ಷೆ ಹೋಗಲಿ, ಇನ್ನೊಮ್ಮೆ ಹೊಸ ಮನೆಯ ಬಾಗಿಲಲ್ಲಿ ನಿಂತು "ಒಳಗ ಬರಲ್ಯಾ?" ಎಂದು ಕೇಳುವ ಶಕ್ತಿ ಆ ಹುಡುಗಿಗೆ ಉಳಿದಿಲ್ಲವೆಂದು ಅವಳು ಚಪ್ಪಲಿ ಬಿಡುವ ರೀತಿಯಲ್ಲೇ ನನಗೆ ಕಾಣುತ್ತಿತ್ತು. ಯಾವಾಗಲೂ ಬೀದಿಯ ಕಡೆ ತುದಿ ಮಾಡಿ ಬಿಡುತ್ತಿದ್ದಳು.

ನಾನು ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಕಲಿತವಳು. ಶಿಸ್ತು ಬಿಟ್ಟು ಬೇರೆ ಹಾದಿ ಗೊತ್ತಿರಲಿಲ್ಲ. ಹೊಸ್ತಿಲುಗಳನ್ನು ತಗ್ಗಿಸಿದೆ, ಹುಡುಗಿಯ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿದೆ, ಹುಡುಗನನ್ನು ಅಂಗಳದ ಆಚೆ ತುದಿಯಲ್ಲಿ ಕಂಡಕ್ಟರ ಪಕ್ಕದ ಕೋಣೆಗೆ ಹಾಕಿದೆ. ಊಟಕ್ಕೆ ಗಂಟೆ ಬಾರಿಸಿದೆ. ಒಬ್ಬರನ್ನೊಬ್ಬರು ಕರೆಯಲು ಯಾರಿಗೂ ಸಂಕೋಚವಾಗಬಾರದೆಂದು, ದೊಡ್ಡವರನ್ನೆಲ್ಲ ಆಂಟಿ, ಅಂಕಲ್ ಎನ್ನಬೇಕೆಂದು ಹೇಳಿದೆ.

ಕಂಡಕ್ಟರು ಧೋತರ ಸರಿಮಾಡಿಕೊಳ್ಳುತ್ತ, "ಅಂಕಲ್ ಅಂದ್ರ ಪ್ಯಾಂಟ್ ಹಾಕ್ಕೋಬೇಕ ಅನಸ್ತೈತ್ರಿ" ಎಂದರು.

ಫಲವೇನೆಂದರೆ, ಮೊದಲ ತಿಂಗಳು ಆ ವಾಡೆಯಲ್ಲಿ ಯಾರೂ ಯಾರನ್ನೂ ಕರೆಯಲಿಲ್ಲ. ಕಂಡಕ್ಟರಿಗೆ ಚಹಾ ಬೇಕಾದರೆ ಆ ಬಸ್ಸಿನ ಸರಳಿಗೆ ಕೀಲಿಯಿಂದ ಠಣ್ ಠಣ್ ಎಂದು ಬಡಿಯುತ್ತಿದ್ದರು. ಹುಡುಗ ಕೆಮ್ಮುತ್ತಿದ್ದ. ಅಕ್ಕೋರು ಚಪ್ಪಾಳೆ ತಟ್ಟುತ್ತಿದ್ದರು. ಹುಡುಗಿ ಏನೂ ಮಾಡದೆ, ಯಾರಾದರೂ ತಿರುಗಿ ನೋಡುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ನನ್ನನ್ನು ಮಾತ್ರ ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಇಡೀ ಓಣಿಗೆ ವೈನಿಯಾದವಳು ಯಾರ ಲೆಕ್ಕದಲ್ಲೂ ಬರುವುದಿಲ್ಲ.

ಈ ಮೌನ ಒಡೆದದ್ದು ಪುಟ್ಟ ಮಗುವಿನ ಜವಳದ ದಿನ. ಮೊದಲ ಕೂದಲು ತೆಗೆಸುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂಡಬೇಕು, ಮೊದಲ ಎಳೆಗೆ ಕತ್ತರಿ ಇಡುವವನು ಅವನೇ. ಚಡಚಣದವಳ ಅಣ್ಣ ಬರುತ್ತೇನೆಂದಿದ್ದ. ಕ್ಷೌರದವನು ಬಂದು ಕೂತ, ಬೆಲ್ಲ ಹಂಚಲು ಕುಟ್ಟಿಟ್ಟಿದ್ದಾಯಿತು, ಬಿಸಿಲು ಅಂಗಳಕ್ಕೆ ಇಳಿಯಿತು, ಅಣ್ಣ ಬರಲಿಲ್ಲ. ದತ್ತು ತೆಗೆದುಕೊಳ್ಳುವುದಕ್ಕೆ ಅವನಿಗೆ ಮೊದಲಿಂದಲೂ ಮನಸ್ಸಿರಲಿಲ್ಲ. ಆಕೆ ಬಾಗಿಲ ಕಡೆ ನೋಡುವುದನ್ನು ನಿಲ್ಲಿಸಿ ಮಗುವಿನ ಅಂಗಿಯ ಗುಂಡಿಯನ್ನು ಬಿಚ್ಚುವುದು, ಹಾಕುವುದು ಮಾಡತೊಡಗಿದಳು.

ಕಂಡಕ್ಟರು ಎದ್ದು ಕೈಕಾಲು ತೊಳೆದುಕೊಂಡು ಬಂದರು. ಮಣೆಯ ಮೇಲೆ ಕೂತು ತೊಡೆ ತಟ್ಟಿದರು.

"ಕೊಡವ್ವಾ ತಂಗಿ, ಕೂಸಿನ್ನ. ಮಾವ ಇಲ್ಲೇ ಅದಾನ, ಬಸ್ ತಪ್ಪಿಲ್ಲ."

ಮಗು ಕತ್ತರಿ ಕಂಡು ಚೀರಿತು. ಅವರು "ರೈಟ್, ರೈಟ್! ಬಸವನ ಬಾಗೇವಾಡಿ ಬಂತ ನೋಡ್ರಿ, ಇಳ್ಯಾವರು ಇಳೀರಿ" ಎಂದು ಶುರು ಮಾಡಿದರು. ಮುಂದಿನ ಸ್ಟಾಪು ಬರುವಷ್ಟರಲ್ಲಿ ಮಗು ಬಾಯಿ ಮುಚ್ಚಿತು, ತಲೆ ಬೋಳಾಗುವ ಹೊತ್ತಿಗೆ ನಗುತ್ತಿತ್ತು. ಅಣ್ಣನಾದ ಕಂಡಕ್ಟರಿಗೆ ಚಡಚಣದವಳು ಟವೆಲ್, ಟೋಪಿ ಕೊಟ್ಟು ಕಾಲಿಗೆ ಬಿದ್ದಳು. ನಾಗರ ಪಂಚಮಿಗೆ ಅಣ್ಣಂದಿರು ಬರುವಂತೆಯೇ ಕಂಡಕ್ಟರು ಚೀಲ ಹಿಡಿದು, ಅಂಗಳ ದಾಟಿ, ತಂಗಿಯನ್ನು ತವರಿಗೆ ಕರೆಯಲು ಬಂದರು. ಆಕೆ ಸೀರೆ ಬದಲಿಸಿ, ಗಂಡನಿಗೆ "ಮೂರ ದಿನಾ ಬರಂಗಿಲ್ಲ, ಅನ್ನಾ ನೀವ ಮಾಡ್ಕೋರಿ" ಎಂದು ಹೇಳಿ, ಅಂಗಳದ ಆಚೆ ದಂಡೆಯ ತವರುಮನೆಗೆ ಹೊರಟಳು. ನಾವೆಲ್ಲ ನಕ್ಕು ಸಾಕಾದೆವು. ಆದರೆ ಮೂರು ದಿನ ಆಕೆ ನಿಜವಾಗಿಯೂ ಒಲೆ ಮುಟ್ಟಲಿಲ್ಲ.

ಅಲ್ಲಿಂದ ನನ್ನ ಆಂಟಿ ಅಂಕಲ್‌ಗಳು ಗಾಳಿಗೆ ಹಾರಿಹೋದರು. ಹುಡುಗ ಒಂದು ದಿನ ಕಂಡಕ್ಟರನ್ನು ಅಪ್ಪಾ ಎಂದ; ಅವರು ಆ ಸಂಜೆ ಓಣಿಯವರಿಗೆಲ್ಲ ಚುರುಮುರಿ ತಿನ್ನಿಸಿದರು. ಆಮೇಲೆ ಹುಡುಗಿ. ಒಲೆಯ ಹತ್ತಿರ ಚಡಚಣದವಳು ರೊಟ್ಟಿ ಬಡಿಯುತ್ತಿದ್ದಳು, ಹುಡುಗಿ ಅಕ್ಕೋರ ಹತ್ತಿರ ಗಣಿತ ಮುಗಿಸಿ ಬಂದು, "ಅವ್ವಾ, ಹಸಿವಾಗೈತಿ" ಎಂದಳು. ಅಷ್ಟೇ. ಬಡಿಯುವ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರ್ರಗಾಗಿ ಹೊಗೆಯೆದ್ದರೂ ಆಕೆ ತಿರುವಲಿಲ್ಲ. ಆ ಸುಟ್ಟ ರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದರು.

ನಾನು ಸಮಿತಿಗೆ ಆ ತಿಂಗಳ ವರದಿಯಲ್ಲಿ "ಹೊಂದಿಕೊಳ್ಳುತ್ತಿದ್ದಾರೆ" ಎಂದು ಬರೆದೆ. ಆ ಒಂದು ಮಾತು ಬರೆಯಲು ಎಷ್ಟು ಖುಷಿಯಾಗಿತ್ತೆಂದರೆ, ಅದಕ್ಕೆಂದೇ ಪೆನ್ನಿಗೆ ಹೊಸ ಮಸಿ ತುಂಬಿಸಿಕೊಂಡು ಕೂತಿದ್ದೆ.

ತೊಂದರೆ ಗೊತ್ತಾದದ್ದು ಹಿಟ್ಟಿನ ಗಿರಣಿಯಲ್ಲಿ. ಜೋಳದ ಡಬ್ಬಿ ಹಿಡಿದು ನಿಂತಿದ್ದಾಗ ಓಣಿಯ ಹೆಣ್ಣುಮಗಳೊಬ್ಬಳು ನಗುತ್ತ ಕೇಳಿದಳು:

"ಏನ್ರಿ ವೈನಿ, ನಿಮ್ಮ ವಾಡೇದಾಗ ಹೋಳಿಗಿ ಯಾವಾಗ ಮಾಡಸ್ತೀರಿ?"

"ಯಾವ ಹೋಳಿಗಿ?"

"ಅಯ್ಯ! ಮಾವನ ಮಗಾ ಮನ್ಯಾಗ ಅದಾನ, ಹುಡುಗಿಗೆ ವರಾ ಹುಡುಕೂದು ತಪ್ಪೇತಿ. ಯಾವಾಗಿದ್ರೂ ಆಗೂದ ಅಲ್ಲೇನ್ರಿ?"

ಅವಳ ಮಾತಿನಲ್ಲಿ ವಿಷವಿರಲಿಲ್ಲ, ಲೆಕ್ಕವಿತ್ತು. ಡಬ್ಬಿ ಹೊತ್ತು ಬರುವಾಗ ನಾನೂ ಹಾಕಿ ನೋಡಿದೆ. ಕಂಡಕ್ಟರು ಚಡಚಣದವಳಿಗೆ ಅಣ್ಣ. ಅವರ ಮಗ ಆ ಹುಡುಗ. ಚಡಚಣದವಳ ಮಗಳು ಆ ಹುಡುಗಿ. ಅಂದಮೇಲೆ ಹುಡುಗ ಅವಳ ಸೋದರಮಾವನ ಮಗ. ನಮ್ಮ ಕಡೆ ಕೇಳದೆಯೇ ನಿಶ್ಚಯವಾದ ವರ! ಒಂದೊಂದೇ ಸಂಬಂಧವನ್ನು ಪ್ರೀತಿಯಿಂದ ಕಟ್ಟುತ್ತ ಹೋಗಿದ್ದೆವು, ಎಲ್ಲವನ್ನೂ ಕೂಡಿಸಿದರೆ ಏನಾಗುತ್ತದೆಂದು ಒಬ್ಬರೂ ನೋಡಿರಲಿಲ್ಲ.

ಈ ಮಾತು ಹುಡುಗಿಯ ಕಿವಿಗೆ ಆಗಲೇ ಬಿದ್ದಿತ್ತು. ಶಾಲೆಯಲ್ಲಿ ಗೆಳತಿಯರು ಕಾಡುತ್ತಿದ್ದರಂತೆ. ಅವಳು ಅಂಗಳದಲ್ಲಿ ಕೂಡುವುದು ಬಿಟ್ಟಳು, ಊಟದ ತಾಟು ಕೋಣೆಗೆ ಒಯ್ದಳು. ಹುಡುಗ ನಾಚಿಕೆಯಿಂದ ಹೊತ್ತು ಮೀರಿ ಬರತೊಡಗಿದ. ಚಡಚಣದವಳು ಹೊಲಿಗೆ ಯಂತ್ರ ನಿಲ್ಲಿಸಿ ನನಗೆ ಹೇಳಿದಳು: "ವೈನಿ, ಆಕಿ ಮತ್ತ ಬಾಗಲದಾಗ ನಿಂದರಾಕತ್ತಾಳ. ಅವ್ವ ಅಂತಿಲ್ಲ."

ಮರುದಿನ ಹುಡುಗಿಯೇ ನನ್ನ ಅಡುಗೆಮನೆಗೆ ಬಂದಳು. ಒದ್ದೆ ಬಟ್ಟೆ ಹಿಂಡುವಂತೆ ವೇಲ್ ಹಿಂಡುತ್ತಿದ್ದಳು.

"ವೈನಿ, ನನ್ನ ಬಾಲಮಂದಿರಕ್ಕ ಕಳಸಿಬಿಡ್ರಿ."

"ಯಾಕವ್ವಾ? ಇಲ್ಲಿ ಚಲೋ ಅನಸವಲ್ದೇನು?"

"ಚಲೋ ಅನಸೂದಕ್ಕ ಹೇಳಾಕತ್ತೇನ್ರಿ. ಮೇಡಂ ಬಂದು ಈ ಸುದ್ದಿ ಕೇಳಿ ಕರಕೊಂಡ ಹೋದ್ರ ನಂಗ ತಡಕೊಳ್ಳಾಕ ಆಗಂಗಿಲ್ಲ. ನಾನ ಹೋಗ್ತೇನಿ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಮದುವೆಗೆ ಬರುವ ಹುಡುಗನಿರುವ ಅಂಗಳದಲ್ಲಿ ಹುಡುಗಿಯನ್ನು ಇಡಲು ಯಾವ ಸಮಿತಿ ಒಪ್ಪುತ್ತದೆ? ಹುಡುಗನನ್ನು ಬೇರೆ ಕಡೆ ಕಳಿಸಿದರೆ ಅವನ ಐಟಿಐ ನಿಲ್ಲುತ್ತಿತ್ತು, ಕಂಡಕ್ಟರ ಜೀವವೇ ಹೋಗುತ್ತಿತ್ತು. ನಾನು ಅವಳ ಕೈಗೆ ಒಂದು ಉಂಡೆ ಇಟ್ಟು, ಸಂಜೆ ಎಲ್ಲರನ್ನೂ ಅಂಗಳಕ್ಕೆ ಕರೆದೆ.

ಅಕ್ಕೋರು ಸೀಮೆಸುಣ್ಣ ತಂದು ಹಾಸುಗಲ್ಲಿನ ಮೇಲೆ ತಮ್ಮನ್ನು ಬಿಟ್ಟು ಒಬ್ಬೊಬ್ಬರಿಗೂ ಒಂದೊಂದು ಸೊನ್ನೆ ಹಾಕಿ ಗೆರೆ ಎಳೆದರು. ನಲವತ್ತು ಮಕ್ಕಳ ಮುಂದೆ ನಿಂತಂತೆಯೇ ನಿಂತರು.

"ಹೂಂ. ಯಾರು ಬದಲಿ ಆಗ್ತೀರಿ, ಹೇಳ್ರಿ."

ಕಂಡಕ್ಟರು ಮೊದಲು ಎದ್ದರು. "ನಾ ಮಾವ ಆಗೂದ ಬ್ಯಾಡ. ತಂಗಿ ಗಂಡಗ ಅಣ್ಣ ಆಗ್ತೇನಿ. ಹುಡುಗಿಗೆ ದೊಡ್ಡಪ್ಪ ಆದೆ, ನನ್ನ ಮಗಾ ಆಕಿಗೆ ಅಣ್ಣ ಆದ. ಮುಗೀತಲ್ಲ?"

"ನಾ ಒಲ್ಲೆ!" ಚಡಚಣದವಳು ಅಳುವ ದನಿಯಲ್ಲಿ ಹೇಳಿದಳು. "ಹುಟ್ಟಿದ ಅಣ್ಣ ಬರಲಿಲ್ಲ. ಬಂದ ಅಣ್ಣನ್ನೂ ಬಿಡ್ಲ್ಯಾ? ಪಂಚಮಿಗೆ ನನ್ನ ಕರ್ಯಾಕ ಬಂದಾವ ಈಗ ಭಾವ ಆಗ್ತಾನೇನು?"

"ಆತು, ಅಣ್ಣ ಬ್ಯಾಡ, ಅಪ್ಪ ಆಗ್ತೇನಿ. ತವರ ಉಳೀತು. ಹುಡುಗಿಗೆ ಮುತ್ಯಾ ಆದೆ."

ಅಕ್ಕೋರು ಗೆರೆ ಅಳಿಸಿ ಬರೆಯುವಷ್ಟರಲ್ಲಿ, ಎಂದೂ ಮಾತಾಡದ ಚಡಚಣದ ಗಂಡ ಗಂಟಲು ಸರಿಪಡಿಸಿಕೊಂಡ. "ಹಂಗಾದ್ರ ಹುಡುಗ ಈಕಿಗೆ ತಮ್ಮ ಆದ್ನಲ್ರಿ. ಅಂದ್ರ ಹುಡುಗಿಗೆ ಸೋದರಮಾವ. ನಮ್ಮ ಅಕ್ಕನ್ನ ಸೋದರಮಾವಗ ಕೊಟ್ಟೇವ್ರಿ."

ಎಲ್ಲರೂ ಹೋ ಎಂದು ನಕ್ಕರು. ಹುಡುಗಿಯ ಬಾಯಿಯ ಒಂದು ತುದಿಯೂ ಮೇಲೆದ್ದದ್ದನ್ನು ನಾನು ನೋಡಿದೆ.

"ಇದೆಲ್ಲಾ ಯಾಕ್ರಿ?" ಎಂದ ಹುಡುಗ. "ನಾ ಆಕಿಗೆ ಅಣ್ಣ ಅಂತ ಹೇಳಿಬಿಡ್ತೇನಿ, ಆತಲ್ಲ?"

"ನೀ ಅಣ್ಣ ಆದ್ರ ಆಕಿ ಅವ್ವ ನಿನಗೂ ಅವ್ವ" ಎಂದರು ಅಕ್ಕೋರು. "ನಿಮ್ಮಪ್ಪ ಯಾರು? ಆ ಅವ್ವನ ಅಣ್ಣ! ಅಣ್ಣ ತಂಗಿ ಸೇರಿ ಅಪ್ಪ ಅವ್ವ ಆದ್ರೇನು? ಸೊನ್ನಿ ಮಾರ್ಕ್ಸ್. ಕುಂಡರು."

ನಗು ಇಳಿಯುವ ಹೊತ್ತಿಗೆ ಹುಡುಗಿ ಸಣ್ಣಗೆ ಹೇಳಿದಳು: "ನಾನ ಬಿಡ್ತೇನಿ. ಅವ್ವ ಅನ್ನೂದ."

ಚಡಚಣದವಳು ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಆಗ ನಾನು ಅಕ್ಕೋರನ್ನು ನೋಡುತ್ತಿದ್ದೆ. ಅವರು ಚಡಚಣದವಳ ಸೊನ್ನೆಯ ಪಕ್ಕದಲ್ಲಿ ಇನ್ನೊಂದು ಸೊನ್ನೆ ಹಾಕಿದರು, ಅದರಿಂದ ಕೆಳಗೆ ಹುಡುಗನವರೆಗೆ ಗೆರೆ ಎಳೆದರು. ಒಂದು ಗಳಿಗೆ ನೋಡಿದರು. ಆಮೇಲೆ ಸೆರಗಿನ ತುದಿಯಿಂದ ತಟ್ಟನೆ ಒರೆಸಿಬಿಟ್ಟರು.

ಒಬ್ಬರ ಸ್ವಂತ ವಿಷಯಕ್ಕೆ ಕೈ ಹಾಕಬಾರದೆಂದು ನನಗೆ ಎಳವೆಯಿಂದ ಕಲಿಸಿದ್ದರು. ಬಾಯಿಬಿಡುವ ಮೊದಲು ಬಹಳ ಹಿಂಜರಿದೆ. ಸುಮ್ಮನಿದ್ದರೆ ಹುಡುಗಿ ಹೋಗುವುದು ನಿಶ್ಚಿತವಾಗಿತ್ತು.

"ಅಕ್ಕೋರ, ಅದನ್ಯಾಕ ಒರಸಿದ್ರಿ?"

"ತಪ್ಪಾಗಿತ್ತು."

"ತಪ್ಪಾದ್ದನ್ನ ನೀವ ಒರಸಂಗಿಲ್ರಿ. ಗೆರಿ ಹೊಡೀತೀರಿ. ಹುಡುಗಿ ನೋಟ್‌ಬುಕ್ ನೋಡೇನಿ."

ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಒರೆಸಿದ ಜಾಗದಲ್ಲೇ ಆ ಸೊನ್ನೆಯನ್ನು ಮತ್ತೆ ಬರೆದೆ. ಬಿಡಿಸಿ ಹೇಳಿದೆ: ಅಕ್ಕೋರು ಚಡಚಣದವಳಿಗೆ ಅಕ್ಕ, ಕಂಡಕ್ಟರಿಗೆ ತಂಗಿ. ಹುಡುಗ ಅಕ್ಕೋರ ಮಗ. ಹುಡುಗಿಗೆ ಅವನು ದೊಡ್ಡವ್ವನ ಮಗ, ಅಂದರೆ ಅಣ್ಣ. ಅಕ್ಕತಂಗಿಯರ ಮಕ್ಕಳ ವಿಷಯದಲ್ಲಿ ಗಿರಣಿಯಲ್ಲೂ ಎರಡು ಮಾತಿಲ್ಲ. ಕಂಡಕ್ಟರು ಇಬ್ಬರಿಗೂ ಸೋದರಮಾವ.

ಅಕ್ಕೋರ ಕಿವಿಯೆಲ್ಲ ಕೆಂಪಗಾಯಿತು. "ಏನ್ ಮಾತ್ರಿ ವೈನಿ! ನನಗ ಮದಿವಿನ ಆಗಿಲ್ಲ. ಮಗಾ ಎಲ್ಲಿಂದ ಬರಬೇಕು?"

"ನನಗಷ್ಟ ಆಗಿತ್ತೇನ್ರಿ?" ಎಂದರು ಕಂಡಕ್ಟರು. "ನಾ ಹೆಂಗ ಅಪ್ಪ ಆದೆ?"

ಈ ಸಲ ಅಕ್ಕೋರೇ ಮೊದಲು ನಕ್ಕರು. ಆದರೆ ಕಂಡಕ್ಟರ ನಗು ಬೇಗ ನಿಂತಿತು. ಈ ಲೆಕ್ಕದಲ್ಲಿ ಕಳೆದುಕೊಳ್ಳುವವರು ಅವರೊಬ್ಬರೇ. ಹುಡುಗನ ಕಡೆ ನೋಡದೆ ಧೋತರದ ಅಂಚನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಹುಡುಗ ಹೋಗಿ ಅವರ ಪಕ್ಕ ಒತ್ತಿಕೊಂಡು ಕೂತ. "ಅಪ್ಪ ಅಂದ್ರ ಬಡೀತಾನ. ಮಾವ ಅಂದ್ರ ಜಾತ್ರಿಗೆ ರೊಕ್ಕ ಕೊಡ್ತಾನ. ನನಗ ನಡೀತೈತಿ" ಎಂದ.

"ನೋಡಿದ್ರ್ಯಾ, ಎಂಥಾ ಲಬಾಡ!" ಎಂದು ಅವರು ಅವನ ತಲೆಗೆ ಮೊಟಕಿದರು. "ಇರ್ಲಿ. ಟಿಕೀಟ್ ಅದ ಐತಿ, ಸೀಟ್ ಬದಲಿ ಅಷ್ಟ."

ಕಾಗದದಲ್ಲಿ ಏನೂ ಬದಲಾಗಲಿಲ್ಲ. ಹುಡುಗ ಅದೇ ಕೋಣೆಯಲ್ಲಿ, ಅದೇ ಕಂಡಕ್ಟರ ಗೊರಕೆ ಕೇಳುತ್ತ ಮಲಗಿದ. ಬಾಯಿಗೆ ಮಾತ್ರ ರೂಢಿಯಾಗಬೇಕಿತ್ತು. "ಅಪ್... ಮಾವ" ಎಂದು ಎಷ್ಟೋ ದಿನ ಎಡವಿದ. ಅಕ್ಕೋರನ್ನು ಕರೆಯಲಂತೂ ಮತ್ತೆ ಕೆಮ್ಮಿಗೇ ಇಳಿದ. ಅಕ್ಕೋರೂ ಅವನು ಬಂದರೆ ಪುಸ್ತಕ ಎತ್ತಿಕೊಳ್ಳುತ್ತಿದ್ದರು. ಇದು ಕೂಡುವುದೋ ಇಲ್ಲವೋ ಎಂದು ನನಗೆ ಅನುಮಾನವಾಯಿತು.

ಒಂದು ಬೆಳಿಗ್ಗೆ ಅವನು ಏಣಿ ಹತ್ತಿ ಪಡಸಾಲೆಯ ಫ್ಯಾನು ಬಿಚ್ಚಿದ್ದ. ಅದರ ಭಾರ ಒಂದೇ ಕೈ ಮೇಲೆ ಬಂದು ಜಾರತೊಡಗಿದಾಗ, "ಅವ್ವಾ! ಆ ಇಕ್ಕಳ ಕೊಡು ಲಗೂನ!" ಎಂದು ಒದರಿದ. ಕೊಡ್ರಿ ಅಲ್ಲ, ಕೊಡು. ಏಕವಚನಕ್ಕೆ ಎಂಥವರನ್ನೂ ತಿದ್ದುತ್ತಿದ್ದ ಅಕ್ಕೋರು ಕೂತಲ್ಲಿಂದ ಎದ್ದು ಓಡಿದರು, ಗಡಿಬಿಡಿಯಲ್ಲಿ ಇಕ್ಕಳದ ಬದಲು ಸುತ್ತಿಗೆ ಕೊಟ್ಟರು. ಅವನು ಸುತ್ತಿಗೆಯಲ್ಲೇ ಹೇಗೋ ಸಾಗಿಸಿದ.

ಗಿರಣಿಯಲ್ಲಿ ನಾನು ಆ ಹೆಣ್ಣುಮಗಳಿಗೆ ಹೊಸ ಲೆಕ್ಕ ಒಪ್ಪಿಸಿದೆ. ಅವಳು ಬೆರಳು ಮಡಿಚಿ ಎಣಿಸಿದಳು. "ದೊಡ್ಡವ್ವನ ಮಗಾ? ಹಂಗಾದ್ರ ಅಣ್ಣ ಆದನಲ್ರಿ. ಅಯ್ಯ, ಮೊದಲ ಹೇಳಬಾರ್ದಾ?" ಎಂದು ಜೋಳದ ರೇಟಿನ ಮಾತಿಗೆ ತಿರುಗಿದಳು. ಶಾಲೆಯಲ್ಲೂ ಕಾಟ ನಿಂತಿತು. ನಿಯಮದಂತೆ ಕೂಡಿದ ಸಂಬಂಧಕ್ಕೆ ನಮ್ಮೂರು ರಕ್ತದ ಪುರಾವೆ ಕೇಳಲಿಲ್ಲ.

ಸಮಿತಿಯ ಮೇಡಂ ಹೇಳಿ ಬರಲಿಲ್ಲ. ಬಟ್ಟೆ ಒಗೆಯುವ ದಿನ, ನಾನು ಲಿಂಬೆ ಉಪ್ಪಿನಕಾಯಿ ಕಲಸುತ್ತಿದ್ದೆ, ಮೊಣಕೈವರೆಗೆ ಖಾರ. ಬಾಗಿಲಲ್ಲಿ ಅವರು ನಿಂತದ್ದು ಕಾಣುವುದಕ್ಕೂ ಅಂಗಳದಲ್ಲಿ ರಂಪ ಏಳುವುದಕ್ಕೂ ಸರಿಹೋಯಿತು. ಹುಡುಗ ಮೋಟಾರು ಬಿಚ್ಚಿದ ಗ್ರೀಸ್ ಕೈಯನ್ನು ತಂತಿಯ ಮೇಲಿದ್ದ ಬಟ್ಟೆಗೆ ಒರೆಸಿದ್ದ. ಅದು ಹುಡುಗಿಯ ಶಾಲೆಯ ಬಿಳಿ ಅಂಗಿ. ಅವಳು ಕಸಬರಿಗೆ ಹಿಡಿದು ಅವನ ಹಿಂದೆ ಅಂಗಳ ಸುತ್ತುತ್ತಿದ್ದಳು.

"ಏ ಕತ್ತೆ! ಕಣ್ಣ ಎಲ್ಲಿಟ್ಟಿದ್ದಿ?"

"ಮಾವಾ, ನೋಡ್ರಿ ಈಕಿ ಬಡ್ಯಾಕತ್ತಾಳ!"

"ಬಡಿ ಬಡಿ, ನನ್ನ ಧೋತರಕ್ಕೂ ಮೊನ್ನಿ ಒರಸ್ಯಾನ" ಎಂದು ಕಂಡಕ್ಟರು ಕೂತಲ್ಲಿಂದಲೇ ಹುರಿದುಂಬಿಸುತ್ತಿದ್ದರು.

ನಾನು ಒರೆಸಿಕೊಳ್ಳಲೂ ಆಗದ ಕೈಗಳನ್ನು ಗಾಳಿಯಲ್ಲಿ ಹಿಡಿದು ಓಡಿ ಬಂದೆ. ಮೇಡಂ ಅಷ್ಟರಲ್ಲಿ ಹುಡುಗಿಯ ಮುಂದೆ ನಿಂತು ಗಂಭೀರವಾಗಿ ಕೇಳಿದ್ದರು:

"ಇವನು ನಿನಗ ಏನಾಗಬೇಕು?"

ಹುಡುಗಿಗೆ ಅವರು ಯಾರೆಂದು ಗೊತ್ತಾಗಿತ್ತು. ಕೈಯಲ್ಲಿದ್ದ ಫೈಲು ಅವಳಿಗೆ ಪರಿಚಯದ್ದೇ. ಆದರೂ ಸಿಟ್ಟು ಇಳಿದಿರಲಿಲ್ಲ.

"ನಮ್ಮ ದೊಡ್ಡವ್ವನ ಮಗಾ ರೀ! ನೀವು ಯಾರನ್ನರ ಕರಕೊಂಡ ಹೋಗಾಕ ಬಂದಿದ್ರ ಇವನ್ನ ಕರಕೊಂಡ ಹೋಗ್ರಿ. ನಾ ಬರಂಗಿಲ್ಲ."

ಮೇಡಂ ಅವರ ಭುಜ ಕುಣಿಯತೊಡಗಿತು. ನಗು ತಡೆಯಲು ಫೈಲನ್ನು ಬಾಯಿಗೆ ಅಡ್ಡ ಹಿಡಿದರು. ಎಲ್ಲ ಕೋಣೆ ನೋಡಿದರು, ಚಿಲಕ ಎಳೆದು ನೋಡಿದರು, ಕಂಡಕ್ಟರ ಹತ್ತಿರ, ಅಕ್ಕೋರ ಹತ್ತಿರ, ಚಡಚಣದವರ ಹತ್ತಿರ, ಇಬ್ಬರು ಮಕ್ಕಳ ಹತ್ತಿರ ಬೇರೆ ಬೇರೆಯಾಗಿ ಬಾಗಿಲು ಹಾಕಿಕೊಂಡು ಮಾತಾಡಿದರು. ಕೊನೆಗೆ ಕಟ್ಟೆಯ ಮೇಲೆ ಕೂತು ಪೆನ್ನಿನ ಟೋಪಿ ತೆಗೆದರು.

"ಬಾಲಮಂದಿರದಾಗ ಈ ಹುಡುಗಿ ಒಮ್ಮೆನೂ ಜಗಳ ಮಾಡಿದ್ದಿಲ್ರಿ" ಎಂದರು ನನಗೆ. "ಅದ ನನಗ ಚಿಂತಿ ಆಗಿತ್ತು." ಸಹಿ ಹಾಕಿದರು. "ಇಬ್ಬರೂ ಇರ್ಲಿ. ಹದಿನೆಂಟ ಆಗೂತನಕ."

ಚಡಚಣದವಳು ಕಂಬ ಹಿಡಿದು ಅಲ್ಲೇ ಕೂತುಬಿಟ್ಟಳು. ಕಂಡಕ್ಟರು ಚುರುಮುರಿ ತರಲು ಚಪ್ಪಲಿ ಹುಡುಕಿದರು. ನಾನು ಖಾರದ ಕೈ ಮರೆತು ಕಣ್ಣು ಒರೆಸಿಕೊಂಡು, ಮೇಡಂ ಹೊರಡುವವರೆಗೂ ಕಣ್ಣೀರು ಸುರಿಸುತ್ತ ನಿಂತೆ; ಅವರು ಅದನ್ನು ಏನೆಂದು ತಿಳಿದರೋ!

ಕಣ್ಣು ತೊಳೆಯಲು ಬಚ್ಚಲ ಕಡೆ ಹೋದರೆ, ಒಗೆಯುವ ಕಲ್ಲಿನ ಹತ್ತಿರ ಹುಡುಗ ಬಗ್ಗಿ ಆ ಬಿಳಿ ಅಂಗಿಗೆ ಸಾಬೂನು ತಿಕ್ಕುತ್ತಿದ್ದ. ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಹೋಗವಲ್ದು ಇದು, ಗ್ರೀಸ್ ಐತಿ" ಎಂದ ಅವನು.

"ತಿಕ್ಕು" ಎಂದಳು. "ಸಾವಕಾಶ ತಿಕ್ಕು. ನಾ ಇನ್ನ ಎರಡ ವರ್ಷ ಇಲ್ಲೇ ಇರ್ತೇನಿ."